ಮದುವೆಯ ಹಣ, ಫೀಸಿನ ಹಣ: ಒಂದೆರಡು ವರ್ಷದ ಮಟ್ಟಿಗೆ ಎಲ್ಲಿಡಬೇಕು?

ಮನೆಯಲ್ಲಿ ಮಗಳ ಮದುವೆ ನಿಶ್ಚಯವಾಗಿರುತ್ತದೆ. ಮುಹೂರ್ತಕ್ಕೆ ಇನ್ನೂ ಹದಿನೆಂಟು ತಿಂಗಳಿರುತ್ತದೆ. ಅಥವಾ ಮಗ ಪಿಯುಸಿ ಮೊದಲ ವರ್ಷದಲ್ಲಿರುತ್ತಾನೆ. ಬರುವ ವರ್ಷದ ಜುಲೈ ಹೊತ್ತಿಗೆ ಇಂಜಿನಿಯರಿಂಗ್ ಕಾಲೇಜಿನ ಶುಲ್ಕ ಕಟ್ಟಬೇಕಾಗಿರುತ್ತದೆ. ಅಂಥ ಸಂದರ್ಭಗಳಲ್ಲಿ ಮನೆಯ ಹಿರಿಯರು ಅಲ್ಲಿಷ್ಟು ಇಲ್ಲಿಷ್ಟು ಕೂಡಿಸಿ ಐದಾರು ಲಕ್ಷ ರೂಪಾಯಿಗಳನ್ನು ಒಂದೆಡೆ ತಂದಿರುತ್ತಾರೆ. ಈ ಹಣವನ್ನು ಹತ್ತು ವರ್ಷ ಮರೆತು ಬಿಡುವಂತಿಲ್ಲ, ನಾಳೆಯೇ ಖರ್ಚು ಮಾಡುವಂತೆಯೂ ಇಲ್ಲ. ನಡುವಣ ಕಾಲದಲ್ಲಿ ಅದನ್ನು ಎಲ್ಲಿಡುವುದು, ಬಂದ ಬಡ್ಡಿಯಲ್ಲಿ ತೆರಿಗೆಗೆ ಎಷ್ಟು ಹೋಗುವುದು ಎಂಬ ಪ್ರಶ್ನೆಯನ್ನು ಅನೇಕ ಬಂಧುಗಳು ನಮ್ಮಲ್ಲಿ ಕೇಳುತ್ತಲೇ ಇರುತ್ತಾರೆ. ದೀರ್ಘಕಾಲದ ಉಳಿತಾಯದ ಬಗೆಗೆ ಬೇಕಾದಷ್ಟು ಬರೆಹಗಳು ಬಂದಿವೆ. ಈ ಅಲ್ಪಾವಧಿಯ ಹಣದ ಬಗೆಗೆ ಬಂದಿರುವುದು ತೀರ ಕಡಿಮೆ.

ಹಿರಿಯ ವಾಚಕರಿಗೆ ಹಳೆಯ ಕಾಲ ನೆನಪಿರಬಹುದು. 1990ರ ದಶಕದ ನಡುಭಾಗದಲ್ಲಿ ಬ್ಯಾಂಕಿನ ಮುದ್ದತಿ ಠೇವಣಿಗೆ ಶೇಕಡಾ 12ರ ಆಸುಪಾಸಿನಲ್ಲಿ ಬಡ್ಡಿ ದೊರೆಯುತ್ತಿತ್ತು. ಅದರ ಮೇಲೆ 80ಎಲ್ ಎಂಬ ಕಲಮಿನ ಆಸರೆಯಿದ್ದು, ಬ್ಯಾಂಕಿನ ಬಡ್ಡಿಯಲ್ಲಿ ಒಂದು ಮಿತಿಯವರೆಗೆ ತೆರಿಗೆಯ ಹಂಗಿರಲಿಲ್ಲ. 2005ರ ಮುಂಗಡಪತ್ರದಲ್ಲಿ ಆ ಕಲಮನ್ನು ತೆಗೆದುಹಾಕಲಾಯಿತು. ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ‘ಬ್ಯಾಂಕಿನ ಬಡ್ಡಿಗೆ ಏನು ತೆರಿಗೆ?’ ಎಂಬ ಹಳೆಯ ಮಾತು ಇನ್ನೂ ಉಳಿದುಕೊಂಡಿದೆ. ಆ ಮಾತನ್ನು ನಂಬಿ ಕುಳಿತವರಿಗೆ ಇತ್ತೀಚಿನ ವರ್ಷಗಳಲ್ಲಿ ಇಲಾಖೆಯಿಂದ ಓಲೆಗಳು ಬರತೊಡಗಿವೆ. ಬ್ಯಾಂಕು ಯಾರಿಗೆ ಎಷ್ಟು ಬಡ್ಡಿ ಕೊಟ್ಟಿತೆಂಬ ಲೆಕ್ಕ ಇಲಾಖೆಯ ಕೈಗೆ ತಾನಾಗಿಯೇ ತಲುಪುತ್ತದೆ.

ಇದರ ಜೊತೆಗೇ ಇನ್ನೊಂದು ತಪ್ಪು ತಿಳಿವಳಿಕೆಯಿದೆ. 2025ರ ಏಪ್ರಿಲ್ 1ರಿಂದ ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ರೂಪಾಯಿ ಮೀರಿದರೆ ಮಾತ್ರ ಮೂಲದಲ್ಲಿ ತೆರಿಗೆ ಕಡಿತವಾಗುತ್ತದೆ; 60 ವರ್ಷ ತುಂಬಿದವರಿಗೆ ಈ ಮಿತಿ 1 ಲಕ್ಷ ರೂಪಾಯಿ. ಬ್ಯಾಂಕಿನವರು ಕಡಿತ ಮಾಡಲಿಲ್ಲ, ಆದ್ದರಿಂದ ತೆರಿಗೆಯೇ ಇಲ್ಲ ಎಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಕಡಿತವಾಗದ ಬಡ್ಡಿಯೂ ಆದಾಯವೇ. ಅದನ್ನು ನಾವೇ ಲೆಕ್ಕಕ್ಕೆ ಸೇರಿಸಿ ತೋರಿಸಬೇಕು.

ಈಗ ಒಂದು ಮನೆಯನ್ನು ಕಣ್ಣೆದುರಿಗೆ ಇಟ್ಟುಕೊಳ್ಳೋಣ. ಯಜಮಾನರು ಕಾಲೇಜಿನ ಉಪನ್ಯಾಸಕರು. ವಾರ್ಷಿಕ ಸಂಬಳ 12,75,000 ರೂಪಾಯಿ. ಗೃಹಿಣಿಗೆ ಹೇಳಿಕೊಳ್ಳುವಂಥ ಸ್ವಂತ ಆದಾಯವಿಲ್ಲ. ಮನೆಯಲ್ಲಿ ಎಪ್ಪತ್ತು ದಾಟಿದ ತಂದೆಯವರಿದ್ದಾರೆ. ಮಗಳ ಮದುವೆಗೆಂದು 6 ಲಕ್ಷ ರೂಪಾಯಿ ಕೈಯಲ್ಲಿದೆ. 2025-26ರ ಸಾಲಿನಿಂದ ಜಾರಿಗೆ ಬಂದ ಹೊಸ ಪದ್ಧತಿಯ ದರಗಳಂತೆ ಇವರ ಸಂಬಳದಲ್ಲಿ 75,000 ರೂಪಾಯಿ ಪ್ರಮಾಣಿತ ಕಡಿತ ಕಳೆದರೆ ಉಳಿಯುವುದು ಸರಿಯಾಗಿ 12 ಲಕ್ಷ. ಅಲ್ಲಿಯವರೆಗೆ ರಿಯಾಯಿತಿ ಇರುವುದರಿಂದ ಇವರು ಕಟ್ಟಬೇಕಾದ ತೆರಿಗೆ ಸೊನ್ನೆ. ಸಂತೋಷದ ವಿಷಯವೇ ಸರಿ.

ಆದರೆ ಈ ಆರು ಲಕ್ಷವನ್ನು ಅವರು ತಮ್ಮ ಹೆಸರಿನಲ್ಲಿ ಒಂದು ವರ್ಷದ ಠೇವಣಿಗೆ ಹಾಕಿದರೆಂದು ತಿಳಿಯೋಣ. 2025ರಲ್ಲಿ ಅಂಚೆ ಕಚೇರಿಯ ಒಂದು ವರ್ಷದ ಠೇವಣಿಗೆ ಶೇಕಡಾ 6.9ರ ದರವಿತ್ತು, ಸ್ಥೂಲವಾಗಿ 42,000 ರೂಪಾಯಿ ಬಡ್ಡಿಯೆಂದು ಹಿಡಿಯಬಹುದು. ಈ 42,000 ಸೇರಿದೊಡನೆ ಅವರ ಆದಾಯ 12 ಲಕ್ಷದ ಹೊಸ್ತಿಲನ್ನು ದಾಟುತ್ತದೆ. ಹೊಸ್ತಿಲು ದಾಟಿದವರಿಗೆ ದರಪಟ್ಟಿಯಂತೆ ಲೆಕ್ಕ ಹಾಕಿದರೆ ತೆರಿಗೆ 66,300 ರೂಪಾಯಿ ಆಗುತ್ತದೆ. ಹಾಗಾಗಬಾರದೆಂದು ಕಾಯಿದೆಯಲ್ಲಿಯೇ ಅಂಚಿನ ಪರಿಹಾರವೆಂಬ ಏರ್ಪಾಟು ಇದೆ: ಹನ್ನೆರಡು ಲಕ್ಷದ ಮೇಲೆ ಎಷ್ಟು ಆದಾಯ ಬಂದಿದೆಯೋ ಅದಕ್ಕಿಂತ ಹೆಚ್ಚು ತೆರಿಗೆ ಕೇಳುವಂತಿಲ್ಲ. ಪರಿಣಾಮವಾಗಿ ತೆರಿಗೆ 42,000ಕ್ಕೆ ನಿಲ್ಲುತ್ತದೆ. ಅದರ ಮೇಲೆ ಶೇಕಡಾ 4ರ ಉಪಕರ 1,680 ರೂಪಾಯಿ. ಒಟ್ಟು 43,680.

ವಾಚಕರು ಈ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕೆಂದು ಕೋರುತ್ತೇವೆ. ಬಂದ ಬಡ್ಡಿ 42,000, ಕಟ್ಟಿದ್ದು 43,680. ಬಡ್ಡಿಯ ಆಸೆಗೆ ಹಣವನ್ನು ಠೇವಣಿಯಿಟ್ಟದ್ದರಿಂದ ಆ ಮನೆಗೆ ಆದದ್ದು 1,680 ರೂಪಾಯಿಯ ನಷ್ಟ. ಸರಿಸುಮಾರು 12 ಲಕ್ಷ 70 ಸಾವಿರದವರೆಗೆ ಇದೇ ಪರಿಸ್ಥಿತಿ. ಸಂಬಳದವರು ತಮ್ಮ ಆದಾಯ ಈ ಹೊಸ್ತಿಲಿನ ಸಮೀಪದಲ್ಲಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳುವುದು ಅತ್ಯವಶ್ಯ. ಒಟ್ಟು ಆದಾಯ ಒಂಬತ್ತು ಹತ್ತು ಲಕ್ಷದೊಳಗಿರುವವರು ಇಂಥ ಯಾವ ಚಿಂತೆಯನ್ನೂ ಮಾಡಬೇಕಾದುದಿಲ್ಲ; ಹೊಸ ಪದ್ಧತಿಯಲ್ಲಿರುವ ಅವರಿಗೆ ಬ್ಯಾಂಕಿನ ಸಾಮಾನ್ಯ ಠೇವಣಿಯೇ ತೆರಿಗೆರಹಿತ ಖಾತೆಯಿದ್ದಂತೆ. ಅಂಥವರು ‘ತೆರಿಗೆ ಉಳಿಸುವ’ ಹೆಸರಿನಲ್ಲಿ ಯಾರಾದರೂ ಹೊತ್ತು ತರುವ ಪಾಲಿಸಿಗಳಿಗೆ ಕೈಯೊಡ್ಡದಿದ್ದರೆ ಸಾಕು. ಇನ್ನು 24 ಲಕ್ಷ ಮೀರಿದ ಆದಾಯದವರಿಗೆ ಉಪಕರ ಸೇರಿ ಶೇಕಡಾ 31.2 ತೆರಿಗೆಯಿರುವುದರಿಂದ, ಶೇಕಡಾ 7ರ ಬಡ್ಡಿ ಕೈಗೆ ಬರುವಾಗ ಶೇಕಡಾ 4.8ರಷ್ಟಾಗಿರುತ್ತದೆ.

ಹಾಗಾದರೆ ನಿಜವಾಗಿ ತೆರಿಗೆಯಿಲ್ಲದ ಜಾಗಗಳು ಯಾವುವು? ಮೊದಲನೆಯದು, ಬಹು ಜನ ಮರೆತಿರುವ ಅಂಚೆ ಕಚೇರಿಯ ಉಳಿತಾಯ ಖಾತೆ. 2011ರ ಅಧಿಸೂಚನೆಯಂತೆ ಒಬ್ಬರ ಹೆಸರಿನ ಖಾತೆಯಲ್ಲಿ ವರ್ಷಕ್ಕೆ 3,500 ರೂಪಾಯಿ, ಜಂಟಿ ಖಾತೆಯಲ್ಲಿ 7,000 ರೂಪಾಯಿವರೆಗಿನ ಬಡ್ಡಿ ಆದಾಯದ ಲೆಕ್ಕಕ್ಕೇ ಬರುವುದಿಲ್ಲ. ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೂ ಈ ವಿನಾಯಿತಿ ಉಳಿದಿರುವುದು ವಿಶೇಷ. ಇದರ ಬಡ್ಡಿ ಶೇಕಡಾ 4. ಆದ್ದರಿಂದ ಜಂಟಿ ಖಾತೆಯಲ್ಲಿ 1,75,000 ರೂಪಾಯಿ ವರ್ಷವಿಡೀ ಇದ್ದರೆ ಸರಿಯಾಗಿ 7,000 ರೂಪಾಯಿ ಬರುತ್ತದೆ. ದೇಶದ ಅತಿದೊಡ್ಡ ಸರ್ಕಾರಿ ಬ್ಯಾಂಕು 2025ರ ಜೂನ್‌ನಲ್ಲಿ ಉಳಿತಾಯ ಖಾತೆಯ ಬಡ್ಡಿಯನ್ನು ಶೇಕಡಾ 2.5ಕ್ಕೆ ಇಳಿಸಿದ್ದನ್ನು ನೆನೆದರೆ, ಅಂಚೆಯ ನಾಲ್ಕು ಕಡಿಮೆಯೇನಲ್ಲ. ಒಂದು ಸೂಕ್ಷ್ಮವಿದೆ. ಅಂಚೆ ಖಾತೆಯಲ್ಲಿ ಪ್ರತಿ ತಿಂಗಳು 10ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಇದ್ದ ಕನಿಷ್ಠ ಮೊತ್ತಕ್ಕೆ ಮಾತ್ರ ಬಡ್ಡಿ. ಹನ್ನೊಂದನೆಯ ತಾರೀಖು ಹಣ ಕಟ್ಟಿದವರು ಆ ತಿಂಗಳ ಬಡ್ಡಿಯನ್ನು ಕಳೆದುಕೊಂಡಂತೆ. ಇಪ್ಪತ್ತೈದರಂದು ಹಣ ತೆಗೆದವರೂ ಹಾಗೆಯೇ.

ಬ್ಯಾಂಕಿನ ಉಳಿತಾಯ ಖಾತೆಗೂ 10,000 ರೂಪಾಯಿ ಬಡ್ಡಿಯವರೆಗೆ ಒಂದು ಕಡಿತವಿದೆ. 2012ರಲ್ಲಿ ಬಂದ ಇದು 80ಟಿಟಿಎ ಎಂಬ ಹೆಸರಿನಿಂದ ಪರಿಚಿತ. ಅರವತ್ತು ದಾಟಿದವರಿಗೆ 2018ರಿಂದ 50,000 ರೂಪಾಯಿವರೆಗಿನ ಕಡಿತವಿದ್ದು, ಅದು ಮುದ್ದತಿ ಠೇವಣಿಗೂ ಅನ್ವಯಿಸುತ್ತದೆ. ಆದರೆ ಇವೆರಡೂ ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. ನಮ್ಮ ಉಪನ್ಯಾಸಕರು ಹೊಸ ಪದ್ಧತಿಯಲ್ಲಿರುವುದರಿಂದ ಅವರಿಗೆ ಇದರಿಂದ ಪ್ರಯೋಜನವಿಲ್ಲ.

ಎರಡನೆಯದು, ಇನ್ನೂ ಉತ್ತಮವಾದದ್ದು. ಆದರೆ ಇದನ್ನು ಅಲ್ಪಾವಧಿಯ ಖಾತೆಯೆಂದು ಯಾರೂ ಎಣಿಸುವುದೇ ಇಲ್ಲ. ಪಿಪಿಎಫ್ ಎಂದು ಕರೆಯುವ ಸಾರ್ವಜನಿಕ ಭವಿಷ್ಯ ನಿಧಿ 1968ರಲ್ಲಿ ಆರಂಭವಾಯಿತು. ಹದಿನೈದು ವರ್ಷದ ಅವಧಿ; 2020ರ ಏಪ್ರಿಲ್‌ನಿಂದ ಶೇಕಡಾ 7.1 ಬಡ್ಡಿ, ಆ ಬಡ್ಡಿಗೆ ಯಾವ ಪದ್ಧತಿಯಲ್ಲಿಯೂ ತೆರಿಗೆಯಿಲ್ಲ. ಹದಿನೈದು ವರ್ಷವೆಂಬ ಮಾತು ಕೇಳಿಯೇ ಮದುವೆಯ ಹಣದವರು ಹಿಂದೆ ಸರಿಯುತ್ತಾರೆ. ಹೊಸದಾಗಿ ಖಾತೆ ತೆರೆಯುವವರಿಗೆ ಅದು ಸರಿಯೇ. ಆದರೆ ಇಪ್ಪತ್ತು ವರ್ಷದ ಹಿಂದೆ ಖಾತೆ ತೆರೆದು, ಹದಿನೈದು ವರ್ಷ ಮುಗಿಸಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅಂಥವರು ಖಾತೆಯನ್ನು ಮುಚ್ಚದೆ ಐದೈದು ವರ್ಷಗಳ ಕಂತಿನಲ್ಲಿ ಮುಂದುವರಿಸಬಹುದು. ಮುಂದುವರಿಸುವ ಬಗೆ ಎರಡು. ಹೊಸ ಹಣ ಕಟ್ಟದೆ ಸುಮ್ಮನೆ ಬಿಟ್ಟರೆ, ಇರುವ ಹಣಕ್ಕೆ ಬಡ್ಡಿ ಬರುತ್ತಲೇ ಇರುತ್ತದೆ. ವರ್ಷಕ್ಕೊಮ್ಮೆ ಎಷ್ಟು ಬೇಕಾದರೂ ತೆಗೆಯಬಹುದು. ಹಣ ಕಟ್ಟುತ್ತಾ ಮುಂದುವರಿಸುವುದಾದರೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಆ ಐದು ವರ್ಷದ ಆರಂಭದಲ್ಲಿ ಇದ್ದ ಮೊತ್ತದ ಶೇಕಡಾ 60ರವರೆಗೆ, ವರ್ಷಕ್ಕೊಮ್ಮೆಯಂತೆ, ತೆಗೆಯಬಹುದು.

ಎಂದರೆ, ಮುದ್ದತು ಮುಗಿದ ಹಳೆಯ ಪಿಪಿಎಫ್ ಖಾತೆಯು ತೆರಿಗೆಯಿಲ್ಲದ, ಶೇಕಡಾ ಏಳರ ಬಡ್ಡಿ ಬರುವ, ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಉಳಿತಾಯ ಖಾತೆಯಾಗಿ ಮಾರ್ಪಡುತ್ತದೆ. ನಮ್ಮ ಉಪನ್ಯಾಸಕರ ಮನೆಯಲ್ಲಿ ಗಂಡಹೆಂಡಿರಿಬ್ಬರಿಗೂ ಇಂಥ ಹಳೆಯ ಖಾತೆಗಳಿದ್ದವೆಂದು ಭಾವಿಸೋಣ. ಮಾರ್ಚ್ ತಿಂಗಳ ಮೊದಲ ವಾರದಲ್ಲಿ ತಲಾ ಒಂದೂವರೆ ಲಕ್ಷ, ಹೊಸ ಆರ್ಥಿಕ ವರ್ಷ ಹುಟ್ಟಿದೊಡನೆ ಏಪ್ರಿಲ್ 5ರೊಳಗೆ ಮತ್ತೆ ತಲಾ ಒಂದೂವರೆ ಲಕ್ಷ; ಒಂದು ತಿಂಗಳ ಅಂತರದಲ್ಲಿ ಆರು ಲಕ್ಷವೂ ಒಳಗೆ ಸೇರಿತು. ಐದನೆಯ ತಾರೀಖಿನ ಮಹತ್ವವೆಂದರೆ, ಪಿಪಿಎಫ್‌ನಲ್ಲಿ 5ನೇ ತಾರೀಖಿನಿಂದ ತಿಂಗಳಾಂತ್ಯದವರೆಗಿನ ಕನಿಷ್ಠ ಮೊತ್ತಕ್ಕೆ ಬಡ್ಡಿ. ಮರುವರ್ಷ ಮದುವೆಯ ಕಾಲಕ್ಕೆ, ಖಾತೆಯಲ್ಲಿ ಮೊದಲೇ ಸಾಕಷ್ಟು ಹಣವಿದ್ದುದರಿಂದ ಶೇಕಡಾ 60ರ ಮಿತಿಯೊಳಗೆ ಆರು ಲಕ್ಷವನ್ನು ಬಡ್ಡಿಸಹಿತ ಹೊರತೆಗೆಯುವುದು ಕಷ್ಟವಾಗದು. ಮೇಲೆ ಹೇಳಿದ 43,680 ರೂಪಾಯಿಯ ಪ್ರಸಂಗವೇ ಬರುವುದಿಲ್ಲ.

ಆದರೆ ಇದಕ್ಕೊಂದು ಗಡುವಿದೆ. ಹಣ ಕಟ್ಟುತ್ತಾ ಮುಂದುವರಿಸುವ ಇಚ್ಛೆಯನ್ನು ಮುದ್ದತು ಮುಗಿದ ಒಂದು ವರ್ಷದೊಳಗೆ ಬರಹದಲ್ಲಿ ಸಲ್ಲಿಸಬೇಕು. ಸಲ್ಲಿಸದೆ ಬಿಟ್ಟರೆ ಖಾತೆ ತಾನಾಗಿಯೇ ಮೊದಲನೆಯ ಬಗೆಗೆ ಸೇರುತ್ತದೆ. ಆಮೇಲೆ ಕಟ್ಟಿದ ಹಣಕ್ಕೆ ಬಡ್ಡಿ ಸಿಗುವುದಿಲ್ಲ. ಎಷ್ಟೋ ಜನ ಪಾಸ್‌ಬುಕ್ಕನ್ನು ಬೀರುವಿನಲ್ಲಿಟ್ಟು ಮರೆತು ಈ ಸೌಲಭ್ಯವನ್ನು ಕಳೆದುಕೊಂಡಿದ್ದಾರೆ. ವಾಚಕರು ಇಂದೇ ತಮ್ಮ ಪಾಸ್‌ಬುಕ್ಕಿನ ಮೊದಲ ಪುಟವನ್ನು ತೆರೆದು ತಾರೀಖನ್ನು ನೋಡಿದರೆ ಒಳ್ಳೆಯದು.

ಪರದೇಶದಲ್ಲಿ ಮಕ್ಕಳಿರುವ ಮನೆಗಳಿಗೆ ಮೂರನೆಯದೊಂದು ದಾರಿಯಿದೆ. ಅನಿವಾಸಿಗಳು ಇಲ್ಲಿ ತೆರೆಯುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ. ಆದರೆ ಅದರ ಮುದ್ದತಿ ಠೇವಣಿ ಕನಿಷ್ಠ ಒಂದು ವರ್ಷದ್ದಾಗಿರಬೇಕು. ವರ್ಷ ತುಂಬುವ ಮೊದಲೇ ಮುರಿದರೆ ಬಡ್ಡಿಯೇ ಇಲ್ಲ. ಮಗನು ತಂಗಿಯ ಮದುವೆಗೆಂದು ಹಣ ಕಳುಹಿಸಿ, ಹತ್ತು ತಿಂಗಳಿಗೆ ತೆಗೆಯುವುದಾದರೆ ಠೇವಣಿಯಿಂದ ಏನೂ ಬಾರದು. ಅವನು ಅಮೆರಿಕದಲ್ಲಿದ್ದರೆ ಈ ಬಡ್ಡಿಯನ್ನು ಅಲ್ಲಿಯ ಲೆಕ್ಕದಲ್ಲಿ ತೋರಿಸಬೇಕು. ಶಾಶ್ವತವಾಗಿ ಊರಿಗೆ ಮರಳಿದ ಮೇಲೆ ಖಾತೆಯನ್ನು ಸಾಮಾನ್ಯ ಖಾತೆಯಾಗಿ ಬದಲಿಸುವುದು ಕಡ್ಡಾಯ.

ಈಗ ‘ಹೆಂಡತಿಯ ಹೆಸರಿನಲ್ಲಿ ಹಾಕಿಬಿಡಿ’ ಎಂಬ, ಪ್ರತಿ ಮನೆಯಲ್ಲೂ ಕೇಳಿಬರುವ ಸಲಹೆಯ ಬಗೆಗೆ ನಾಲ್ಕು ಮಾತು. ಗಂಡ ಕೊಟ್ಟ ಹಣದ ಠೇವಣಿಗೆ ಬಂದ ಬಡ್ಡಿ, ಖಾತೆ ಯಾರ ಹೆಸರಿನಲ್ಲೇ ಇರಲಿ, ಗಂಡನ ಆದಾಯಕ್ಕೇ ಸೇರುತ್ತದೆ. ಈ ನಿಯಮ ಇಂದಿನದಲ್ಲ, ಬಹಳ ಹಳೆಯದು. ಪಿಪಿಎಫ್‌ಗೆ ಮಾತ್ರ ತೊಂದರೆಯಿಲ್ಲ. ಬಡ್ಡಿಯೇ ವಿನಾಯಿತಿಯದ್ದಾದ್ದರಿಂದ ಯಾರಿಗೆ ಸೇರಿದರೂ ಒಂದೇ. ಆದರೆ ಗೃಹಿಣಿಯು ಹೊಲಿಗೆಯಿಂದ, ಹೈನಿನಿಂದ, ಮನೆಪಾಠದಿಂದ ಗಳಿಸಿದ್ದು, ತವರಿನವರು ಅವಳಿಗೆಂದು ಕೊಟ್ಟದ್ದು ಅವಳದೇ ಹಣ. ಅದರ ಬಡ್ಡಿ ಅವಳದೇ ಆದಾಯ. ದುರ್ದೈವದಿಂದ ನಮ್ಮ ಮನೆಗಳಲ್ಲಿ ಈ ಹಣವನ್ನೂ ಗಂಡನ ಖಾತೆಗೆ ಬೆರೆಸಿಬಿಡುವ ರೂಢಿಯಿದೆ. ಬೆರೆಸಿದ ಮೇಲೆ ಬೇರ್ಪಡಿಸಿ ತೋರಿಸುವುದು ಅಸಾಧ್ಯ. ತೆರಿಗೆಯ ಮಾತು ಹಾಗಿರಲಿ, ಅವಳ ಹಣಕ್ಕೆ ಅವಳದೇ ಆದ ಖಾತೆ ಇರತಕ್ಕದ್ದು ನ್ಯಾಯವೆಂದು ನಾವು ಭಾವಿಸುತ್ತೇವೆ.

ತಂದೆಯವರ ಹೆಸರಿನಲ್ಲಿ ಇಡುವುದು ಬೇರೆ ಸಂಗತಿ. ಮಗ ತಂದೆಗೆ ಕೊಟ್ಟ ಹಣಕ್ಕೆ ದಾನದ ತೆರಿಗೆಯೂ ಇಲ್ಲ, ಅದರ ಬಡ್ಡಿ ಮಗನ ಆದಾಯಕ್ಕೆ ಸೇರುವುದೂ ಇಲ್ಲ. ಬೇರೆ ಆದಾಯವಿಲ್ಲದ ಹಿರಿಯರಿಗೆ 42,000 ರೂಪಾಯಿ ಬಡ್ಡಿಯ ಮೇಲೆ ತೆರಿಗೆಯ ಪ್ರಶ್ನೆಯೇ ಉದ್ಭವಿಸದು. ಅಂಚೆ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಹಿರಿಯರ ಠೇವಣಿ ಕಾನೂನಿಗೆ ಸಮ್ಮತವಾದ ದಾರಿಯೇ. ಆದರೆ ಕೊಟ್ಟ ಮೇಲೆ ಆ ಹಣ ನಿಜವಾಗಿಯೂ ಅವರದು. ನಾಮನಿರ್ದೇಶನದಲ್ಲಿ ಮಗನ ಹೆಸರು ಬರೆಸಿದ್ದರೂ, ನಾಮನಿರ್ದೇಶಿತನು ಹಣವನ್ನು ಪಡೆದುಕೊಳ್ಳುವ ಅಧಿಕಾರವುಳ್ಳವನೇ ಹೊರತು ಮಾಲೀಕನಲ್ಲ. ಉಯಿಲು ಇಲ್ಲದೆ ಹಿರಿಯರು ತೀರಿಕೊಂಡರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಅದಕ್ಕೆ ಭಾಗಸ್ಥರು. ಬಳಗದಲ್ಲಿ ಸೌಹಾರ್ದವಿದ್ದರೆ ಸರಿ. ಇಲ್ಲದಿದ್ದರೆ ಮದುವೆಯ ಹಂದರದಲ್ಲಿಯೇ ವ್ಯಾಜ್ಯ ಶುರುವಾದೀತು. ಒಂದು ಸಣ್ಣ ಉಯಿಲು ಬರೆಯಿಸಿಟ್ಟುಕೊಂಡರೆ ಕ್ಷೇಮ.

ಅವಿಭಕ್ತ ಕುಟುಂಬದ ಹೆಸರಿನಲ್ಲಿ ಪ್ರತ್ಯೇಕ ತೆರಿಗೆ ಖಾತೆ ನಮ್ಮವರಿಗೂ ಉಂಟೇ ಎಂದು ಕೆಲವರು ಕೇಳುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಹೇಳಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಪಿತ್ರಾರ್ಜಿತ ಆಸ್ತಿಯ ಆದಾಯವಿರುವ ಮನೆಗಳಲ್ಲಿ ಇಂಥ ಖಾತೆಗಳು ಬಹುಕಾಲದಿಂದ ನಡೆದುಬಂದಿವೆ. ಆದರೆ ಹನ್ನೆರಡು ಲಕ್ಷದ ರಿಯಾಯಿತಿ ವ್ಯಕ್ತಿಗಳಿಗೆ ಮಾತ್ರ, ಕುಟುಂಬಕ್ಕಿಲ್ಲ. ಒಂದೂವರೆ ವರ್ಷದ ಹಣಕ್ಕಾಗಿ ಹೊಸದಾಗಿ ಈ ಗೋಜಿಗೆ ಹೋಗುವುದು ನಮಗೆ ಉಚಿತವಾಗಿ ಕಾಣುವುದಿಲ್ಲ.

ಇಷ್ಟೆಲ್ಲ ತೆರಿಗೆಯ ಮಾತಾಯಿತು. ಆದರೆ ಬಡ್ಡಿ ಹೋದರೆ ಹೋಗಲಿ, ಅಸಲು ಉಳಿಯಬೇಕಷ್ಟೆ. ನಮ್ಮ ಮನೆಯಲ್ಲಿಯೇ ನಡೆದ ಸಂಗತಿ. ಹಿರಿಯರೊಬ್ಬರು ಮೊಮ್ಮಗಳ ಮದುವೆಯ ಹಣವನ್ನು, ಪರಿಚಯದವರೆಂಬ ವಿಶ್ವಾಸದಿಂದ, ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಇಟ್ಟಿದ್ದರು. ಬ್ಯಾಂಕಿಗಿಂತ ಎರಡು ಶೇಕಡಾ ಬಡ್ಡಿ ಹೆಚ್ಚು. ಮದುವೆಗೆ ಎರಡು ತಿಂಗಳಿದ್ದಾಗ ಸಂಘದವರು ‘ಸ್ವಲ್ಪ ತಾಳಿ’ ಎಂದರು. ಆ ತಾಳುವಿಕೆ ಮೂರು ವರ್ಷ ನಡೆಯಿತು. ಮದುವೆಯನ್ನು ಸಾಲ ಮಾಡಿ ನಡೆಸಬೇಕಾಯಿತು. ಆ ಹಿರಿಯರು ಹಂದರದಲ್ಲಿ ತಲೆಯೆತ್ತಿ ಮಾತಾಡಲಿಲ್ಲ. ಹಣ ಅರ್ಧದಷ್ಟು ಕೈಸೇರುವ ಹೊತ್ತಿಗೆ ಅವರೇ ಇರಲಿಲ್ಲ.

ನಾವು ಸಹಕಾರ ಸಂಸ್ಥೆಗಳ ವಿರೋಧಿಗಳಲ್ಲ. ನಮ್ಮ ಎಷ್ಟೋ ಊರುಗಳಲ್ಲಿ ಬಡ ವ್ಯಾಪಾರಿಗೆ, ರೈತನಿಗೆ ಮೊದಲು ಸಾಲ ಕೊಟ್ಟವು ಅವೇ. ಆದರೆ ಠೇವಣಿ ವಿಮೆಯ ವಿಷಯದಲ್ಲಿ ಒಂದು ಭೇದವನ್ನು ತಿಳಿದಿರಬೇಕು. ಸಹಕಾರಿ ಬ್ಯಾಂಕು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದದ್ದು. ಅದರ ಠೇವಣಿಗೆ ವಿಮೆಯುಂಟು. ಪತ್ತಿನ ಸಹಕಾರಿ ಸಂಘಗಳು ಮತ್ತು 1997ರ ಕಾಯಿದೆಯಡಿ ನೋಂದಣಿಯಾದ ಸೌಹಾರ್ದ ಸಹಕಾರಿಗಳ ಠೇವಣಿಗೆ ಆ ವಿಮೆಯಿಲ್ಲ. ನಾಮಫಲಕದ ಅಕ್ಷರಗಳು ಒಂದೇ ರೀತಿ ಕಂಡರೂ ವ್ಯತ್ಯಾಸ ಅಜಗಜಾಂತರ.

1962ರಲ್ಲಿ ಈ ವಿಮೆ ಆರಂಭವಾದಾಗ ಮಿತಿ 1,500 ರೂಪಾಯಿ ಇತ್ತು. 1993ರಲ್ಲಿ 1 ಲಕ್ಷವಾಯಿತು. ಮತ್ತೆ ಇಪ್ಪತ್ತೇಳು ವರ್ಷ ಅದು ಅಲುಗಾಡಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಠೇವಣಿದಾರರಿಗೆ ಮೊದಲು ಕೇವಲ 1,000 ರೂಪಾಯಿ ತೆಗೆಯಲು ಅವಕಾಶ ದೊರೆತದ್ದು, 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ 35,000 ರೂಪಾಯಿಯ ಮಿತಿ ಬಿದ್ದದ್ದು ವಾಚಕರಿಗೆ ನೆನಪಿದ್ದೀತು. 2020ರ ಫೆಬ್ರವರಿ 4ರಿಂದ ಮಿತಿಯನ್ನು 5 ಲಕ್ಷಕ್ಕೆ ಏರಿಸಲಾಯಿತು. ನಿರ್ಬಂಧ ಬಿದ್ದ 90 ದಿನಗಳೊಳಗೆ ಹಣ ಕೊಡಬೇಕೆಂಬ ತಿದ್ದುಪಡಿ 2021ರಲ್ಲಿ ಬಂದಿತು. ಈ ಐದು ಲಕ್ಷದಲ್ಲಿ ಅಸಲು ಬಡ್ಡಿ ಎರಡೂ ಸೇರಿವೆ; ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಒಬ್ಬರ ಹೆಸರಿನಲ್ಲಿ ಇಟ್ಟದ್ದೆಲ್ಲ ಒಟ್ಟಿಗೆ ಎಣಿಕೆಯಾಗುತ್ತದೆ. ನಮ್ಮ ಉದಾಹರಣೆಯ ಆರು ಲಕ್ಷವನ್ನು ಬ್ಯಾಂಕಿನಲ್ಲಿಯೇ ಇಡುವುದಾದರೆ ಎರಡು ಬ್ಯಾಂಕುಗಳಲ್ಲಿ ಹಂಚಿ ಇಡುವುದು ಯುಕ್ತ. ಅಂಚೆ ಕಚೇರಿಗೆ ಈ ಮಿತಿಯ ಮಾತೇ ಇಲ್ಲ. ಅಲ್ಲಿಯ ಪೂರ್ತಿ ಹಣಕ್ಕೆ ಕೇಂದ್ರ ಸರ್ಕಾರವೇ ಹೊಣೆ.

ಲಿಕ್ವಿಡ್ ಫಂಡುಗಳ ಬಗೆಗೆ ಪಟ್ಟಣದ ತರುಣರು ಕೇಳುತ್ತಾರೆ. 2023ರ ಏಪ್ರಿಲ್ 1ರ ನಂತರ ಕೊಂಡ ಇಂಥ ಯೂನಿಟ್ಟುಗಳ ಲಾಭಕ್ಕೆ, ಎಷ್ಟು ಕಾಲ ಇಟ್ಟಿದ್ದರೂ, ಬಡ್ಡಿಯಂತೆಯೇ ಪೂರ್ಣ ತೆರಿಗೆ. ಮಾರಿದ ವರ್ಷದಲ್ಲಿ ಮಾತ್ರ ತೆರಿಗೆ ಬೀಳುವುದೆಂಬುದೊಂದು ಅನುಕೂಲ, ಖಾತರಿಯಿಲ್ಲವೆಂಬುದು ಅನಾನುಕೂಲ. ಮದುವೆಯ ಹಣಕ್ಕೆ ನಾವು ಸೂಚಿಸೆವು.

2026ರ ಏಪ್ರಿಲ್ 1ರಿಂದ 1961ರ ಹಳೆಯ ಕಾಯಿದೆಯ ಜಾಗದಲ್ಲಿ 2025ರ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಗೆ ಬಂದಿರುವುದರಿಂದ, ನಾವು ಹೇಳಿದ ಕಲಮುಗಳ ಸಂಖ್ಯೆಗಳು ಹೊಸ ಪುಸ್ತಕದಲ್ಲಿ ಬೇರೆಯಾಗಿರುತ್ತವೆ. ಕೊಟ್ಟಿರುವ ಬಡ್ಡಿ ದರಗಳೂ ಆಯಾ ಕಾಲದವು, ಸಣ್ಣ ಉಳಿತಾಯದ ದರಗಳನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಅಂಚೆಯ ಒಂದು ವರ್ಷದ ಠೇವಣಿಯನ್ನು ಆರಿಸಿಕೊಳ್ಳುವವರು ಒಂದು ನಿಯಮವನ್ನು ಗಮನಿಸಬೇಕು: ಆರು ತಿಂಗಳ ಮೊದಲು ಅದನ್ನು ಮುರಿಯುವಂತೆಯೇ ಇಲ್ಲ, ಆರು ತಿಂಗಳಿಂದ ವರ್ಷದ ನಡುವೆ ಮುರಿದರೆ ಉಳಿತಾಯ ಖಾತೆಯ ಬಡ್ಡಿಯಷ್ಟೇ. ಆದ್ದರಿಂದ ಛತ್ರದ ಮುಂಗಡ, ಬಂಗಾರ, ಜವಳಿ ಎಂದು ಮೊದಲ ಆರು ತಿಂಗಳಲ್ಲೇ ಬೇಕಾಗುವ ಒಂದೂವರೆ ಲಕ್ಷವನ್ನು ಜಂಟಿ ಅಂಚೆ ಉಳಿತಾಯ ಖಾತೆಯಲ್ಲಿ ಬೇರೆಯೇ ಇಟ್ಟು, ಮಿಕ್ಕದ್ದನ್ನು ಮಾತ್ರ ಕಟ್ಟಿಹಾಕಬೇಕು.